ಸೂಳೆಕೆರೆಗೆ ಸೊನ್ನೆ

ಇವತ್ತು ಚನ್ನಗಿರಿ ಬಸ್ಸಿನಲ್ಲಿ ಯಾರದೋ ಬುಟ್ಟಿಯಿಂದ ಕೆರೆಮೀನಿನ ವಾಸನೆ ಬಂತು. ನನ್ನ ಇಂಗ್ಲಿಷ್ ಮೀಡಿಯಂ ಶಾಲೆ ನೆನಪಾಯಿತು. ‘ಸಮುದ್ರ ತೀರದಲ್ಲಿ ಒಂದು ದಿನ’ ಎಂಬ ಪ್ರಬಂಧವನ್ನು ಗೈಡ್ ನೋಡಿ ಬಾಯಿಪಾಠ ಮಾಡಿ ಎಲ್ಲರೂ ಒಂದೇ ಥರ ಬರೆಯುತ್ತಿದ್ದೆವು. ಒಂದು ಪರೀಕ್ಷೆಯಲ್ಲಿ ಮಾತ್ರ ನಾನು ನಮ್ಮೂರ ಹತ್ತಿರದ ಸೂಳೆಕೆರೆಯ ದಂಡೆಯಲ್ಲಿ ಬಲೆ ಒಣಹಾಕುವವರ ಬಗ್ಗೆ ಬರೆದೆ. ಮಿಸ್ ಸೊನ್ನೆ ಕೊಟ್ಟರು.

“ಎಲ್ರೂ ಸಮುದ್ರ ಬರ್ದಾರೆ, ನಿನಗೇನಾಗೈತೆ?”

“ನಾನು ಸಮುದ್ರ ನೋಡಿಲ್ಲ ಮಿಸ್.”

“ಅವರೆಲ್ಲ ನೋಡ್ಯಾರೇನು? ಗೈಡ್‌ನಾಗೆ ಇದ್ದಂಗೆ ಬರಕೊಂಡು ಬಾ, ಮಾರ್ಕ್ಸ್ ಹಾಕ್ತೀನಿ.”

ನಾನು ಬರೆಯಲಿಲ್ಲ.

ಉತ್ತರಪತ್ರಿಕೆಗೆ ಸಹಿ ಹಾಕುವಾಗ ಅಪ್ಪ, “ನಮ್ಮ ಸೂಳೆಕೆರೆಗೆ ಸೊನ್ನೆ ಹಾಕ್ಯಾರೇನವ್ವ?” ಎಂದು ನಕ್ಕರು.

ಅದು ಪ್ರಾಮಾಣಿಕತೆಯೋ ಬರೀ ಹಟವೋ, ಇಂದಿಗೂ ನನಗೆ ಖಚಿತವಿಲ್ಲ. ಆದರೆ ಕಾಣದ್ದನ್ನು ಕಂಡಂತೆ ಬರೆದುಕೊಡಿ ಎಂದು ಯಾರೇ ಕೇಳಲಿ, ಈಗಲೂ ಆಗುವುದಿಲ್ಲ ಎನ್ನುತ್ತೇನೆ.