ಕಷ್ಟ ಹೇಳಿಕೊಂಡ ಬೀದಿ

ನನ್ನ ಮೈದುನನಿಗೆ ಬೀದಿಯವರು ಇಟ್ಟ ಹೆಸರು ಗಂಟೆ. ನೀರು ಬಿಡುವ ಕೆಲಸ ಅವನದು. ಸೊಂಟದೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಬಂದು, ವಾಲ್ವ್ ತಿರುಗಿಸುವ ಮೊದಲು ಅದೇ ಕೀಲಿಯಿಂದ ಬೀದಿ ನಲ್ಲಿಯ ಪೈಪನ್ನು ಠಣ್ ಠಣ್ ಅಂತ ಬಡಿಯುತ್ತಿದ್ದ. ಬೇರೆ ಬೀದಿಗಳಲ್ಲಿ ಸದ್ದಿಲ್ಲದೆ ನೀರು ಬಿಟ್ಟು ಹೋಗುತ್ತಿದ್ದರು. ಎದ್ದವರಿಗೆ ನೀರು, ಮಲಗಿದವರಿಗೆ ಖಾಲಿ ಕೊಡ. ಇವನು ಹಾಗಲ್ಲ. ಬಡಿದು, ಎಲ್ಲರ ಬಾಗಿಲೂ ತೆರೆಯುವವರೆಗೆ ನಿಂತು, ಆಮೇಲೇ ತಿರುಗಿಸುತ್ತಿದ್ದ.

ನಾನು ಮದುವೆಯಾಗಿ ಬಂದಾಗ ಅವನು ಮೂಗು ಒರೆಸಿಕೊಳ್ಳಲೂ ಬಾರದ ಹುಡುಗ. ನಮ್ಮನೆಯವರು ತೀರಿಕೊಂಡಾಗ ನಾನು ಪೆಟ್ಟಿಗೆ ಕಟ್ಟಿ ತವರಿಗೆ ಹೊರಟಿದ್ದೆ. ಬಾಗಿಲಿಗೆ ಅಡ್ಡ ಕೂತು, "ನೀವು ಹೋದ್ರೆ ನನಗೆ ಅನ್ನ ಹಾಕೋರು ಯಾರು ಅತ್ತಿಗೆ?" ಅಂದ. ಅಷ್ಟರಲ್ಲಾಗಲೇ ದುಡಿದು ತರುತ್ತಿದ್ದವನು ಅವನು. ಆದರೂ ಅನ್ನ ಹಾಕುವವಳು ನಾನೇ ಅಂತ ಹೇಳಿ ನನ್ನ ತಲೆ ತಗ್ಗದ ಹಾಗೆ ನೋಡಿಕೊಂಡ.

ಮದುವೆ ಮಾಡ್ಕೊಳ್ಳೋ ಅಂದರೆ ನಗುತ್ತಿದ್ದ. "ದಿನಾ ಬೆಳಗ್ಗೆ ಬೀದಿ ಹೆಂಗಸರೆಲ್ಲ ನನಗೇ ಕಾಯ್ತಾರೆ. ಒಬ್ಬಳನ್ನ ಕಟ್ಕೊಂಡ್ರೆ ಮಿಕ್ಕವರು ಕೊಡ ಎತ್ತಿ ಹೊಡೀತಾರೆ ಅತ್ತಿಗೆ."

ಎದುರುಮನೆ ಟೈಲರ್ ಹೆಂಡತಿಗೂ ಅವನಿಗೂ ಸರಸದ ಜಗಳ ತಪ್ಪುತ್ತಿರಲಿಲ್ಲ. "ಏನೋ ಗಂಟೆ, ನಿನ್ನ ನಲ್ಲಿ ಇವತ್ತು ಬರೀ ಕೆಮ್ತಾ ಇದೆ?" ಅಂತ ಅವಳು. "ನಿನ್ನ ಬಾಯಿ ನೋಡಿ ಹೆದರಿದೆ ಅಕ್ಕಾ" ಅಂತ ಇವನು.

ಹೀಗಿರುವಾಗ ಕೇಂದ್ರ ಸರ್ಕಾರ ನೀರಿಗೆ ಹೊಸ ನೀತಿ ತರುತ್ತದೆ ಅನ್ನುವ ಸುದ್ದಿ ಬಂತು. ಬೀದಿ ನಲ್ಲಿ ಇರಕೂಡದಂತೆ, ಮನೆಮನೆಗೆ ಮೀಟರ್ ಕೂರಿಸಿ ಅಳೆದು ಕೊಡಬೇಕಂತೆ, ದರವನ್ನೂ ಕೇಂದ್ರವೇ ಕಟ್ಟುತ್ತದಂತೆ. ನಮ್ಮ ರಾಜ್ಯದ ಮಂತ್ರಿ ಟಿವಿಯಲ್ಲಿ ಗುಡುಗಿದರು: ಬಡವರ ನಲ್ಲಿಗೆ ಕೈ ಹಾಕಲು ಬಿಡುವುದಿಲ್ಲ, ಜನರನ್ನು ಕೇಳಿಯೇ ಕೇಂದ್ರಕ್ಕೆ ಉತ್ತರ ಬರೆಯುತ್ತೇವೆ ಅಂತ.

"ಕೇಳಿದ್ರಾ ಅತ್ತಿಗೆ? ಎಷ್ಟಾದರೂ ನಮ್ಮೋರು!" ಅಂದ ಗಂಟೆ. ಊಟದ ತಟ್ಟೆ ಬಿಟ್ಟು ಎದ್ದು ನಿಂತಿದ್ದ.

ನಮ್ಮ ಬೀದಿಯವರನ್ನು ಕೇಳಲು ಶಾಲೆಯ ಹಾಲಿನಲ್ಲಿ ಸಭೆ ಇಟ್ಟರು. ಗಂಟೆ ಮನೆಮನೆಗೆ ಹೋಗಿ ಕರೆದ. ಟೈಲರ್ ಹೆಂಡತಿ ಹಿಂದೇಟು ಹಾಕಿದಳು.

"ಆಫೀಸರ್ ಮುಂದೆ ನಾನೇನ್ ಮಾತಾಡ್ಲೋ?"

"ಮನಸ್ಸಲ್ಲಿ ಇರೋದ್ ಹೇಳು. ಏನೂ ಮುಚ್ಚಿಡಬೇಡ. ಅವರು ನಮ್ಮ ಪರ ಬರೆಯೋಕೇ ಬರ್ತಿರೋದು."

"ನಿನ್ನ ಮಾತು ನಂಬಿ ಬರ್ತೀನಿ ನೋಡು."

ಬಂದ ಸಾಹೇಬರು ಬಹಳ ಮೆತ್ತಗಿನ ಮನುಷ್ಯ. ಎಲ್ಲರಿಗೂ ಟೀ ಕೊಡಿಸಿ, "ಹೇಳಿ ಅಮ್ಮಾ, ಬೀದಿ ನಲ್ಲಿಯಿಂದ ನಿಮಗೇನು ಕಷ್ಟ?" ಅಂದರು.

ಆಫೀಸಿನವರು ಯಾರು ಬಂದರೂ ಕಷ್ಟ ಹೇಳಿಕೊಳ್ಳುವುದು ನಮ್ಮ ಬೀದಿಯ ಅಭ್ಯಾಸ. ಹೇಳಿದರೆ ಏನಾದರೂ ಗಿಟ್ಟೀತು. ಸುಖವಾಗಿದ್ದೇವೆ ಅಂದರೆ ಅವರು ಟೀ ಕುಡಿದು ಎದ್ದು ಹೋಗುತ್ತಾರೆ. ಇನ್ನೊಂದು ನಲ್ಲಿ ಹಾಕಿಸಿಯಾರು ಅನ್ನುವ ಆಸೆ ಎಲ್ಲರಿಗೂ. ಟೈಲರ್ ಹೆಂಡತಿ, ಕೊಡ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ ಅಂದಳು. ಮೂಲೆಮನೆ ಅಜ್ಜಿ, ಸಾಲಿನಲ್ಲಿ ಜುಟ್ಟು ಹಿಡಿದು ಜಗಳ ಆಗ್ತದೆ ಅಂತ ಎದ್ದು ನಿಂತು ಆಡಿಯೇ ತೋರಿಸಿದಳು. ಹಾಲೆಲ್ಲ ನಕ್ಕಿತು, ಸಾಹೇಬರೂ ನಕ್ಕು ಬರೆದುಕೊಂಡರು. ನಲ್ಲಿ ನಮಗೆ ಬೇಕು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಉಸಿರಾಡಲು ಗಾಳಿ ಬೇಕು ಅಂತ ಯಾರಾದರೂ ಕೇಳುತ್ತಾರೆಯೇ? ಆ ನಲ್ಲಿಯನ್ನು ಕಾಯಲೆಂದೇ ಅಲ್ಲವೇ ಅವರು ಬಂದಿದ್ದು? ಹಿಂದೆ ಗೋಡೆಗೆ ಒರಗಿದ್ದ ಗಂಟೆ, "ಜೋರಾಗಿ ಹೇಳಿ, ಜೋರಾಗಿ" ಅಂತ ಹುರಿದುಂಬಿಸುತ್ತಿದ್ದ.

ರಾಜ್ಯದ ಉತ್ತರ ಹೋಯಿತು. ಪೇಪರಿನಲ್ಲಿ ಬಂದದ್ದನ್ನು ಟೈಲರ್ ತನ್ನ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ. ನೀರಿನ ದರ ನಿಗದಿ ಮಾಡುವ ಅಧಿಕಾರ ಕೇಂದ್ರಕ್ಕೆ ಬೇಡ, ನಮ್ಮ ಕೈಯಲ್ಲೇ ಇರಲಿ. ರಾಜ್ಯದ ತಕರಾರು ಅಷ್ಟೇ. ಬೀದಿ ನಲ್ಲಿ ತೆಗೆಯಲು ಅಭ್ಯಂತರವಿಲ್ಲ, ಅದರಿಂದ ಪಡುವ ಪಾಡನ್ನು ಮಹಿಳೆಯರೇ ಸಭೆಗಳಲ್ಲಿ ತೋಡಿಕೊಂಡಿದ್ದಾರೆ. ಸೊಂಟನೋವು, ಸಾಲಿನ ಜಗಳ ಎಲ್ಲ ಅಚ್ಚಾಗಿತ್ತು.

ಗಂಟೆ ನೇರ ಆಫೀಸಿಗೆ ಹೋದ. ಹಿಂದಿರುಗಿದವನನ್ನು ಕೇಳಿದೆ.

"ಏನಂದ್ರೋ?"

"ನಾನು ಸುಳ್ಳು ಬರೆದಿದ್ದೀನೇನಪ್ಪಾ, ನಿಮ್ಮೋರು ಹೇಳಿದ್ದೇ ತಾನೆ ಅಂದ್ರು ಸಾಹೇಬ್ರು." ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ. "ಒಂದಕ್ಷರವೂ ಸುಳ್ಳಿಲ್ಲ ಅತ್ತಿಗೆ."

ನಲ್ಲಿ ಮುಚ್ಚುವ ಹುಕುಂ ಅವನ ತಲೆಗೇ ಬಂತು. ರಜೆ ಹಾಕೋ ಅಂದೆ. "ಬೇರೆ ಯಾರೋ ಬಂದು ಕದ್ದು ಮುಚ್ಚಿ ಹೋಗ್ತಾರೆ. ನಾನಾದರೆ ಹೇಳಿ ಮಾಡ್ತೀನಿ" ಅಂದ. ಅವತ್ತೂ ಪೈಪ್ ಬಡಿದ. ಬಾಗಿಲುಗಳೆಲ್ಲ ತೆರೆಯುವವರೆಗೆ ಕಾದ. ಕೊಡ, ಬಕೆಟ್ಟು, ಸಾರಿನ ಪಾತ್ರೆ ಎಲ್ಲ ತುಂಬಿದ ಮೇಲೆ ಕೀಲಿ ತಿರುಗಿಸಿದ. ಟೈಲರ್ ಹೆಂಡತಿ ಅವನ ಮುಖ ನೋಡಲಿಲ್ಲ. "ನಿನ್ನ ನಂಬಿ ಬಾಯಿಬಿಟ್ಟೆ ಕಣೋ" ಅಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಅವನನ್ನು ಯಾರೂ ಗಂಟೆ ಅನ್ನಲಿಲ್ಲ. ಆಫೀಸಿನವರ ಹಾಗೆ ವಾಟರ್‌ಮ್ಯಾನ್ ಅಂದರು. ಮನೆಗಳಿಗೆ ಮೀಟರ್ ಬಂತು. ಅಕ್ಕಿ ತೊಳೆದ ನೀರಿನಲ್ಲೇ ಪಾತ್ರೆ, ಆ ನೀರಿನಲ್ಲೇ ನೆಲ. ಇವನು ಮೀಟರ್ ನೋಡಲು ಹೋದರೆ ಮಾತಿಲ್ಲದೆ ಬಾಗಿಲು ತೆರೆಯುತ್ತಿದ್ದರು. ಒಂದು ಲೋಟ ನೀರು ಬೇಕಾ ಅಂದವರಿಲ್ಲ. ಪೈಪ್ ಕಿತ್ತ ಜಾಗದ ಹತ್ತಿರ ಬಂದಾಗ ಅವನು ಬೀದಿಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದ.

ವರ್ಷಗಳು ಕಳೆದವು. ಅವನು ರಿಟೈರಾದ. ನಮ್ಮ ಚರಂಡಿ ಕಟ್ಟಿಕೊಂಡು ಬೀದಿಯಲ್ಲಿ ಮೂಗು ಬಿಡಲಾಗದ ಹಾಗಾಗಿತ್ತು. ಮತ್ತೆ ಶಾಲೆಯ ಹಾಲಿನಲ್ಲಿ ಸಭೆ, ಅದೇ ಸಾಹೇಬರು. ಕೂದಲಿಗೆ ಬಣ್ಣ ಹಚ್ಚಿದ್ದರು, ಕೈಯಲ್ಲಿ ಕರ್ಚೀಫು.

"ಹೇಳಿ ಅಮ್ಮಾ, ಚರಂಡಿಯಿಂದ ಏನು ಕಷ್ಟ?"

ಸಾಹೇಬರು ಹಿಂದಿನ ಬೆಂಚಿನಲ್ಲಿದ್ದ ನನ್ನ ಮೈದುನನ ಗುರುತು ಹಿಡಿದರು. "ನೀವೇ ಹೇಳಿಪ್ಪಾ, ನಿಮ್ಮವರಿಗೆ ಧೈರ್ಯ ಬರ್ತದೆ."

ಹಾಲೆಲ್ಲ ಅವನ ಕಡೆ ತಿರುಗಿತು. ಅವನು ಮೊಣಕಾಲು ಹಿಡಿದು ನಿಧಾನಕ್ಕೆ ಎದ್ದ.

"ನಮ್ಮ ಬೀದಿಯಲ್ಲಿ ಯಾರಿಗೂ ಏನೂ ಕಷ್ಟ ಇಲ್ಲ ಸಾರ್."

"ಹೌದು ಸಾರ್, ಏನೂ ಇಲ್ಲ" ಅಂದಳು ಟೈಲರ್ ಹೆಂಡತಿ. ಆಮೇಲೆ ಎಲ್ಲರೂ ಅದನ್ನೇ ಅಂದರು. ಸಾಹೇಬರು ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡೇ ಕಾರು ಹತ್ತಿದರು.

ಆಫೀಸಿನವರು ವಾಪಸ್ ಕೇಳದ ಆ ಕಬ್ಬಿಣದ ಕೀಲಿ ನಮ್ಮ ಬಚ್ಚಲ ಮೂಲೆಯಲ್ಲಿತ್ತು. ಮಾರನೆಯ ಬೆಳಗ್ಗೆ ಅವನು ಅದನ್ನು ಎತ್ತಿಕೊಂಡು ಹೋಗಿ, ಚರಂಡಿಗೆ ಚುಚ್ಚಿ ಕಸ ಕೆದಕತೊಡಗಿದ. ಟೈಲರ್ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ಬಕೆಟ್ ತುಂಬ ನೀರು ತಂದು, ಅವನು ಬಿಡಿಸಿದ ಕಡೆ ಸುರಿದಳು. ಮತ್ತೊಂದು ತಂದಳು.

"ಸಾಕು ಅಕ್ಕಾ, ಮೀಟರ್ ಓಡ್ತದೆ."

"ಓಡ್ಲಿ ಬಿಡೋ ಗಂಟೆ" ಅಂದಳು.