ಅತ್ತೆ ಆರಿಸಿಕೊಂಡ ಲಕ್ಷ್ಮೀತರು

ಅವತ್ತು ಮರದ ಹತ್ತಿರ ಮೂವರಿದ್ದೆವು: ಪೊರಕೆ ಹಿಡಿದ ನಾನು, ಸೊಂಟದ ಮೇಲೆ ಕೈಯಿಟ್ಟ ನಮ್ಮ ಸೋದರತ್ತೆ, ಕಾಂಪೌಂಡಿನ ಆಚೆಯಿಂದ ತಲೆ ಚಾಚಿದ ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯವರು. ಮರ್ಫಿ ಟೌನಿನ ನಮ್ಮ ಗಲ್ಲಿಯಲ್ಲಿ ಗೋಡೆಗಳು ಗಿಡ್ಡ; ಮಾತಿಗೆ ಅಡ್ಡಿ ಬರುವುದಿಲ್ಲ.

ಎರಡೂ ಮನೆಯ ಲಕ್ಷ್ಮೀತರು ಮರ ಬಂದದ್ದು ಒಂದೇ ಮದುವೆಯಿಂದ. ಹಲಸೂರಿನ ಛತ್ರದಲ್ಲಿ ತಾಂಬೂಲಕ್ಕೆ ತೆಂಗಿನಕಾಯಿಯ ಬದಲು ಸಸಿ ಕೊಟ್ಟಿದ್ದರು. ಮಳೆಯಿಲ್ಲದಿದ್ದರೂ ಬದುಕುತ್ತದೆ, ಬೀಜದಿಂದ ಅಡುಗೆ ಎಣ್ಣೆ ಬರುತ್ತದೆ ಎಂದು ಕೊಟ್ಟವರು ಹೇಳಿದ್ದೇ ತಡ, ನಮ್ಮತ್ತೆಗೆ ತಮ್ಮ ಮರದ ಎಣ್ಣೆಯಲ್ಲೇ ಒಂದು ಸಲ ಚಕ್ಕುಲಿ ಕರಿಯಬೇಕೆಂಬ ಹಟ ಹತ್ತಿತು. ವಾಪಸ್ಸು ಬರುವ ಆಟೋದಲ್ಲಿ ಖಾಲಾರ ಮಡಿಲಲ್ಲಿದ್ದ ಸಸಿ ತಮ್ಮದಕ್ಕಿಂತ ಗೇಣುದ್ದ ಎತ್ತರ ಕಂಡಿತು. "ನಿಮ್ಮನೇಲಿ ಬಿಸ್ಲು ಕಮ್ಮಿ, ಇದನ್ನ ನಂಗ್ ಕೊಡಿ" ಎಂದು ಅತ್ತೆ ಬದಲಾಯಿಸಿಕೊಂಡೇಬಿಟ್ಟರು.

ಈಗ ನೋಡಿದರೆ ಖಾಲಾರ ಮರದ ತುಂಬ ಕಪ್ಪು ಹಣ್ಣಿನ ಗೊಂಚಲು. ನಮ್ಮದರಲ್ಲಿ ವರ್ಷ ವರ್ಷವೂ ಬರೀ ಹೂವು. ಅದನ್ನು ಗುಡಿಸುವ ಕರ್ಮ ನನ್ನದು. ಸಾಲದ್ದಕ್ಕೆ ಇದರ ಎಲೆಯ ಕಷಾಯ ಸಕಲ ರೋಗಕ್ಕೂ ಮದ್ದು ಎಂದು ಯಾರೋ ಹಬ್ಬಿಸಿ, ಬೆಳಗಾದರೆ ಗೇಟು ಬಡಿಯುವವರು ಬೇರೆ.

"ಅಕ್ಕಾ, ನಿಮ್ದು ಗಂಡು ಮರ ಅಂತೆ. ನನ್ ಮಗಳು ಫೋನಲ್ಲಿ ನೋಡಿ ಹೇಳಿದ್ಳು" ಎಂದರು ಖಾಲಾ. "ನೀವೇ ಜಬರ್ದಸ್ತಿ ಮಾಡಿ ತಗೊಂಡ್ರಲ್ಲ!"

"ಗಂಡಾ? ಅದಕ್ಕೇ ಇಷ್ಟು ಸೋಮಾರಿ!"

"ಬೇಜಾರ್ ಬೇಡ, ನಮ್ ಎಣ್ಣೇಲಿ ಒಂದ್ ಬಾಟ್ಲಿ ಕೊಡ್ತೀನಿ."

"ಬೇರೇವ್ರ ಮರದ ಎಣ್ಣೆ ಯಾಕ್ರೀ? ಅಂಗ್ಡೀಲಿ ಸಿಗಲ್ವಾ?"

"ಅತ್ತೆ, ಅವ್ರ ಮರ ಕಾಯಿ ಕಚ್ಚೋಕೆ ನಮ್ಮ ಮರದ ಹೂವೂ ಬೇಕೇನೋ" ಎಂದು ನಾನು ಬಾಯಿ ತೆರೆದೆ.

"ನೀನ್ ಗುಡ್ಸು."

ಕೊಂಬೆ ಸವರಲೆಂದು ಮರುವಾರ ಅತ್ತೆ ಆಳನ್ನು ಕರೆಸಿದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಎದೆಮಟ್ಟದ ಮೋಟು ಕಾಂಡ ನಿಂತಿತ್ತು. ಕೂಗಾಡಿದೆ. "ಬೆಳೆಸಿದ್ದು ನಾನು, ನಿಂಗೇನೋ ಸಂಕ್ಟ?" ಎಂದರು. ಹೌದು, ಬೆಳೆಸಿದ್ದು ಅವರು. ಗುಡಿಸಿದ್ದಕ್ಕೆ ಎಲ್ಲಿಯ ಲೆಕ್ಕ?

ಮರುವರ್ಷ ಖಾಲಾರ ಮರ ಹೂ ಬಿಟ್ಟಿತು, ಉದುರಿಸಿತು. ಒಂದು ಕಾಯಿಯೂ ಕಚ್ಚಲಿಲ್ಲ.

ಖಾಲಾ ಗೋಡೆಯ ಬಳಿ ಬಂದರು. "ಏನಕ್ಕಾ, ಪಾಪ, ನಮ್ ಮರದ ಯಜಮಾನ್ರನ್ನೇ ಕಡ್ಸಾಕ್ಬಿಟ್ರಲ್ಲ!"

ಅತ್ತೆ ಒಳಗೆ ಹೋಗಿ ಅಕ್ಕಿ ತೊಳೆದ ನೀರಿನ ಪಾತ್ರೆ ತಂದರು. ಮೋಟು ಕಾಂಡದ ಪಕ್ಕದಲ್ಲಿ ಎರಡು ಚಿಗುರು ಒಡೆದಿದ್ದವು. ಅವುಗಳ ಬುಡಕ್ಕೆ ಹುಯ್ದರು.

"ಅದು ನೀರು ಕೇಳದ ಮರ, ಅತ್ತೆ" ಎಂದೆ.

"ಸುಮ್ನಿರೋ."

ಮಾರನೆಯ ಬೆಳಿಗ್ಗೆ ಗೋಡೆಯ ಆಚೆಯಿಂದ ಖಾಲಾ ಕೂಡ ಒಂದು ಚೊಂಬು ನೀರು ಚಾಚಿದರು. ಅತ್ತೆ ಅದನ್ನು ತೆಗೆದುಕೊಂಡು ಚಿಗುರಿಗೆ ಹುಯ್ದರು.