ಹೇರ್ ಡ್ರೈಯರಿನ ಚಿಪ್ಸ್

ನೆವಿಲ್ ಹಾರ್ಡ್‌ವಿಕ್ ಕ್ಲೀಥಾರ್ಪ್ಸ್‌ನ ಕಡಲ ಬೀದಿಯಲ್ಲಿ ಆಯುಷ್ಯದ ಬಹುಪಾಲು ಮೀನು ಮತ್ತು ಫಿಂಗರ್ ಚಿಪ್ಸ್ ಕರಿದು ಮಾರಿದವನು. ಆ ಊರಿನಲ್ಲಿ ಅಂಥ ಅಂಗಡಿಗಳಿಗೆ ಬರವಿಲ್ಲ. ಆದರೆ ಶುಕ್ರವಾರ ಸಂಜೆ ಜನ ಮಳೆಯಲ್ಲಿ ಕೊಡೆ ಹಿಡಿದು ಸಾಲು ನಿಲ್ಲುತ್ತಿದ್ದುದು ಇವನ ಬಾಗಿಲಲ್ಲಿ. ಕರಗಿಸಿದ ದನದ ಕೊಬ್ಬಿನಲ್ಲಿ ಕರಿದರೆ ಮಾತ್ರ ಅದು ಚಿಪ್ಸ್, ಎಣ್ಣೆಯಲ್ಲಿ ಕರಿಯುವುದು ಲಂಡನ್ನಿನವರ ಸೋಗು ಎಂದು ಅವನು ಮನಸಾರೆ ನಂಬಿದ್ದ. ಬಾಣಲೆಗೆ ಬೆನ್ನು ಹಾಕಿ ಗಿರಾಕಿಗಳ ಜೊತೆ ಹರಟುತ್ತಿದ್ದವನು ಇದ್ದಕ್ಕಿದ್ದಂತೆ ಮೂಗೆತ್ತಿ, "ಆಡ್ರಿ, ಕೊಬ್ಬು ಸುಸ್ತಾಗಿದೆ ನೋಡು" ಎನ್ನುತ್ತಿದ್ದ. ಹೆಂಡತಿ ಆಡ್ರಿ ಹೋಗಿ ನೋಡಿದರೆ ಹೌದು, ಕೊಬ್ಬಿನ ಬಣ್ಣ ಆಗತಾನೇ ತಿರುಗಲು ಶುರುವಾಗಿರುತ್ತಿತ್ತು. ಚಿಪ್ಸ್ ಹದವಾಯಿತೋ ಇಲ್ಲವೋ ಎಂದು ಅವನು ಕಣ್ಣಿನಿಂದ ನೋಡಿದ್ದನ್ನು ಯಾರೂ ಕಂಡಿಲ್ಲ. ವಾಸನೆ ಹೇಳಬೇಕು, ಇಲ್ಲವೇ ಬಾಣಲೆಯ ಸದ್ದು ಹೇಳಬೇಕು.

ಆಡ್ರಿ ಕೌಂಟರಿನವಳು. ಉಪ್ಪು, ವಿನೆಗರ್ ಚಿಮುಕಿಸಿ ಕಾಗದದಲ್ಲಿ ಸುತ್ತಿ ಕೊಡುವುದು, ಬಾಣಲೆಯಲ್ಲಿ ಉದುರಿ ಗರಿಯಾದ ಹಿಟ್ಟಿನ ಚೂರು ಪುಕ್ಕಟೆ ಕೊಡಿ ಎಂದು ಪೀಡಿಸುವ ಮಕ್ಕಳನ್ನು ಗದರುತ್ತಲೇ ಒಂದು ಹಿಡಿ ಹಾಕುವುದು ಅವಳ ಪಾಲು. ಕೆಲಸ ಬಿಟ್ಟ ಮೇಲೆ, ಒಳಗೇ ಅಡುಗೆ ಮಾಡಿ ಮಲಗಲು ಜಾಗವಿರುವ ಒಂದು ಮೋಟರ್‌ಹೋಮ್ ಕೊಂಡು ದೇಶದ ಕರಾವಳಿಯುದ್ದಕ್ಕೂ ಸುತ್ತಬೇಕು, ಪ್ರತಿ ಊರಲ್ಲೂ ಬೇರೆಯವರು ಕರಿದ ಮೀನು ತಿಂದು ಹೊಟ್ಟೆ ತುಂಬ ಬೈಯಬೇಕು ಎಂಬುದು ಗಂಡ ಹೆಂಡತಿಯ ಹಳೆಯ ಆಸೆ.

ಮೋಟರ್‌ಹೋಮ್ ಏನೋ ಬಂತು. ಅಷ್ಟರಲ್ಲಿ ನೆವಿಲ್‌ಗೆ ಬಾಣಲೆಯ ಮುಂದೆಯೇ ಎದೆನೋವು ಬಂದು, ಆಸ್ಪತ್ರೆ ಸೇರಿ, ಅಲ್ಲಿಯೇ ಯಾವುದೋ ಜ್ವರ ಹತ್ತಿ, ಮನೆಗೆ ಬರುವಾಗ ಗೂಟಕ್ಕೆ ನೇತುಹಾಕಿದ ಕೋಟಿನ ಹಾಗೆ ಆಗಿದ್ದ. ಇನ್ನು ಕೊಬ್ಬಿನಲ್ಲಿ ಕರಿದದ್ದನ್ನು ಮುಟ್ಟಕೂಡದು ಎಂದರು ಡಾಕ್ಟರು. ಅಂಗಡಿ ಬೇರೆಯವರ ಕೈಗೆ ಹೋಯಿತು. ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಈ ಮನುಷ್ಯ ಊಟವನ್ನೇ ಬಿಟ್ಟ. ಬೇಯಿಸಿದ ಕೋಳಿ ಕೊಟ್ಟರೆ ಎರಡು ತುತ್ತು, ಸೂಪು ಕೊಟ್ಟರೆ ಎರಡು ಚಮಚ. ಆಮೇಲೆ ತಟ್ಟೆ ದೂಡಿ ಕಿಟಕಿಯಿಂದಾಚೆ ಮೋಟರ್‌ಹೋಮನ್ನು ನೋಡುತ್ತ ಕೂರುವುದು. ಬೆಲ್ಟಿಗೆ ಆಡ್ರಿ ಹೊಸ ತೂತು ಹೊಡೆದಳು, ಅದೂ ಸಡಿಲವಾಯಿತು. ಇವನು ಹೀಗೆಯೇ ಸವೆದು ಸವೆದು ತನ್ನ ಕಣ್ಣೆದುರೇ ಇಲ್ಲವಾಗುತ್ತಾನೆ ಎಂದು ಅವಳಿಗೆ ಖಾತ್ರಿಯಾಗತೊಡಗಿತು. ಅವನು ಒಂದು ತಟ್ಟೆ ಚಿಪ್ಸ್ ಪೂರ್ತಿ ತಿಂದದ್ದನ್ನು ನೋಡಿದರೆ ಸಾಕಾಗಿತ್ತು ಅವಳಿಗೆ.

ಲೀಡ್ಸ್‌ನಲ್ಲಿದ್ದ ಮಗಳು ಲಿಂಡ್ಸಿ ಫೋನಿನಲ್ಲಿ ಹೇಳಿದಳು: "ಅಮ್ಮಾ, ಒಂದು ಏರ್ ಫ್ರೈಯರ್ ತಗೊಳ್ಳೇ. ಬಿಸಿ ಗಾಳೀಲೇ ಕರಿಯುತ್ತೆ, ಒಂದು ಚಮಚ ಎಣ್ಣೆ ಸಾಕು. ಮನೇಲೂ ಆಗುತ್ತೆ, ವ್ಯಾನಲ್ಲೂ ಆಗುತ್ತೆ."

"ನಿಮ್ಮಪ್ಪನ ಮುಂದೆ ಆ ಹೆಸರೆತ್ತಿದ್ರೆ ಡೈವೋರ್ಸ್ ಕೊಡ್ತಾನೆ ಅಷ್ಟೇ."

"ಕೊಡ್ಲಿ ಬಿಡು, ತಿಂದು ಕೊಡ್ಲಿ."

ಹಾಗೆ ಆಡ್ರಿ ಅಂಗಡಿಗೆ ಹೋದಳು. ಅಲ್ಲಿ ಒಂದು ಗೋಡೆ ತುಂಬ ಏರ್ ಫ್ರೈಯರುಗಳು, ಎಲ್ಲವೂ ಕಪ್ಪಗೆ, ಎಲ್ಲವೂ ಹೊಳೆಯುತ್ತ. ಮಾರುವ ಹೆಂಗಸು ಒಂದೊಂದರ ಡ್ರಾಯರು ಎಳೆದು ತೋರಿಸುತ್ತ, ಇದರಲ್ಲಿ ಕೇಕು ಆಗುತ್ತೆ, ಇಡೀ ಕೋಳಿ ಹಿಡಿಯುತ್ತೆ, ಹಣ್ಣು ಒಣಗಿಸಬಹುದು ಎಂದು ಬಾಯಿಪಾಠ ಒಪ್ಪಿಸಿದಳು.

"ನನ್ ಗಂಡ ತಿನ್ನೋ ಹಂಗಾಗುತ್ತಾ?" ಎಂದಳು ಆಡ್ರಿ.

ಹೆಂಗಸು ನಕ್ಕು, ಎಲ್ಲಕ್ಕಿಂತ ದೊಡ್ಡದನ್ನು, ಎರಡು ಡ್ರಾಯರಿನದನ್ನು ತೋರಿಸಿದಳು. ಆಡ್ರಿ ಅದನ್ನೇ ಹೊತ್ತು ತಂದಳು.

ನೆವಿಲ್ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅದು ಬುಸ್ಸೆಂದು ಬಿಸಿಗಾಳಿ ಊದತೊಡಗಿದಾಗ, "ಇದು ಹೇರ್ ಡ್ರೈಯರ್ ಕಣೇ ಆಡ್ರಿ," ಎಂದ. "ಆಲೂಗಡ್ಡೆಗೆ ತಲೆಸ್ನಾನ ಮಾಡ್ಸಿ ಕೂದಲು ಒಣಗಿಸ್ತಾ ಇದೀಯ."

ಬಹಳ ದಿನದ ಮೇಲೆ ಅವನ ಬಾಯಿಂದ ಒಂದು ಕುಚೋದ್ಯ ಬಂದಿತ್ತು. ಆಡ್ರಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ತಟ್ಟೆ ಮುಂದಿಟ್ಟಾಗ ಅವನು ಮೂರು ಚಿಪ್ಸ್ ತಿಂದು, ನಾಲಗೆಯ ಮೇಲೆ ಏನನ್ನೋ ಹುಡುಕುವವನಂತೆ ಕಣ್ಣು ಮುಚ್ಚಿ, ಮತ್ತೆ ತೆರೆದು, "ಸರಿಯಿಲ್ಲ" ಎಂದು ಎದ್ದುಹೋದ. ಉಳಿದದ್ದನ್ನು ಆಡ್ರಿ ನಿಂತುಕೊಂಡೇ ತಿಂದಳು. ಅವಳ ಊಟ ಈಗೀಗ ಅವನು ಬಿಟ್ಟದ್ದೇ ಆಗಿತ್ತು.

ಸಮುದ್ರದ ಗಾಳಿಗೆ ಹಸಿವಾದೀತು ಎಂದು ಅವನನ್ನು ಫೈಲಿ ಎಂಬ ಕಡಲೂರಿನ ಗಾಡಿ ಕ್ಯಾಂಪಿಗೆ ಹೊರಡಿಸಿದಳು. ಏರ್ ಫ್ರೈಯರೂ ಜೊತೆಗೆ ಬಂತು. ಕ್ಯಾಂಪಿನಲ್ಲಿ ನಾಲ್ಕಾರು ಗಾಡಿಗಳಿಗೆ ಒಂದು ಕರೆಂಟಿನ ಕಂಬ. ಆ ಕಂಬ ಎಷ್ಟು ಕೊಡುತ್ತದೋ ಅಷ್ಟರಲ್ಲೇ ಬದುಕಬೇಕು, ಹೀಟರಿದ್ದರೆ ಕೆಟಲ್ ಇಲ್ಲ, ಕೆಟಲ್ ಇದ್ದರೆ ಟೋಸ್ಟರ್ ಇಲ್ಲ. ಗಾಡಿಯವರಿಗೆಲ್ಲ ಗೊತ್ತಿರುವ ಸಂಗತಿ ಇದು, ಆಡ್ರಿಗೂ ಗೊತ್ತಿತ್ತು. ಆದರೂ ಎರಡು ಡ್ರಾಯರನ್ನೂ ಹಾಕಿಕೊಂಡು, ಚಹಾ ಕುಡಿಯದೆ ಇರಲಾಗದ ಜನ್ಮ ನೋಡಿ, ಕೆಟಲನ್ನೂ ಹಾಕಿದಳು. ಟಪ್ ಎಂದು ಇಡೀ ಸಾಲಿನ ಕರೆಂಟು ಹೋಯಿತು. ಪಕ್ಕದ ಗಾಡಿಯ ಡೆರಿಕ್ ಅರ್ಧ ಗಡ್ಡ ಕೆರೆದ ಮುಖದಲ್ಲಿ ಶೇವಿಂಗ್ ಮಿಷನ್ ಹಿಡಿದೇ ಬಂದ.

"ಏನಮ್ಮಾ, ಒಳಗೆ ರೈಲು ಓಡಿಸ್ತಿದೀರಾ?"

"ಚಿಪ್ಸ್ ಮಾಡ್ತಿದೀನಿ."

"ಊರಿಗೆಲ್ಲಾನಾ?"

ನೆವಿಲ್ ಗಾಡಿಯ ಮೆಟ್ಟಿಲ ಮೇಲೆ ಕೂತು ನಗಬೇಕಿತ್ತು. ಹಳೆಯ ನೆವಿಲ್ ಆಗಿದ್ದರೆ ಡೆರಿಕ್‌ನ ಉಳಿದರ್ಧ ಗಡ್ಡವನ್ನು ಮಾತಿನಲ್ಲೇ ಬೋಳಿಸುತ್ತಿದ್ದ. ಇವನು ಸುಮ್ಮನೆ ಸಮುದ್ರ ನೋಡುತ್ತಿದ್ದ.

ಆಡ್ರಿ ಸೋಲುವ ಪೈಕಿ ಅಲ್ಲ. ದೊಡ್ಡದನ್ನು ವಾಪಸು ಕೊಟ್ಟು ಮತ್ತೆ ಹುಡುಕಾಟಕ್ಕೆ ಬಿದ್ದಳು. ಈ ಸಲ ಮಿಷನ್ನಿನ ತಲೆ ಕೆಳಗೆ ಮಾಡಿ ಬುಡದಲ್ಲಿ ಬರೆದ ವ್ಯಾಟ್ ಓದಿದಳು. ಗಾಡಿಯ ಬೀರುವಿನ ಅಗಲವನ್ನು ಒಂದು ದಾರದಲ್ಲಿ ಅಳೆದು, ಆ ದಾರ ಹಿಡಿದು ಅಂಗಡಿ ಅಂಗಡಿ ಅಲೆದಳು. ಕಂಬಕ್ಕೆ ಭಾರವಾಗಬಾರದು, ಬೀರುವಿನಲ್ಲಿ ಕೂರಬೇಕು, ರಸ್ತೆಯ ಕುಲುಕಾಟಕ್ಕೆ ಬಿಚ್ಚಿಕೊಳ್ಳಬಾರದು, ಮನೆಯಲ್ಲಿ ಇಬ್ಬರಿಗೆ ಸಾಲಬೇಕು. ಇಷ್ಟೆಲ್ಲ ಆಗಿಯೂ ನೆವಿಲ್‌ಗೆ ರುಚಿಸಬೇಕು. ತಿರುಗಿಸುವ ಎರಡೇ ಗುಂಡಿಯ ಒಂದು ಚಿಕ್ಕ ಮಿಷನ್ ಕಡೆಗೂ ಸಿಕ್ಕಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ದೇವರನ್ನಲ್ಲ, ಆ ಮಿಷನ್ನನ್ನೇ.

"ಹೇರ್ ಡ್ರೈಯರ್ ಮರಿ ಹಾಕ್ತಾ?" ಎಂದ ನೆವಿಲ್. ಎರಡು ಚಿಪ್ಸ್ ತಿಂದ. "ಇದೂ ಸರಿಯಿಲ್ಲ ಬಿಡು. ಗಾಳಿ ಕಡಿಮೆ."

ಆಲೂಗಡ್ಡೆ ಬದಲಾಯಿಸಿದಳು. ನೀರಿನಲ್ಲಿ ನೆನೆಸಿ ನೋಡಿದಳು, ಮೊದಲೇ ಬೇಯಿಸಿ ನೋಡಿದಳು. "ಎಣ್ಣೆ ಜಾಸ್ತಿ" ಎಂದ, "ಬಿಸಿ ಸಾಲ್ದು" ಎಂದ, ಒಮ್ಮೆ "ಮಿಷನ್ನಿನ ಬುಟ್ಟೀನೇ ಸರಿಯಿಲ್ಲ" ಎಂದ. ಅವನು ತಪ್ಪು ಹೇಳಿದಷ್ಟೂ ಅವಳಿಗೆ ಉತ್ಸಾಹ. ತಪ್ಪು ಹುಡುಕುತ್ತಿದ್ದಾನೆ ಎಂದರೆ ಇನ್ನೂ ಆಸೆಯಿದೆ ಎಂದು ಆ ಪೆದ್ದಿ ತಿಳಿದಿದ್ದಳು.

ಮತ್ತೆ ಫೈಲಿಗೆ ಹೋದರು. ಮಧ್ಯಾಹ್ನ ಆಡ್ರಿ ಬುಟ್ಟಿಯಲ್ಲಿ ಕಾಗದ ಹಾಸಿ, ಮೂಲೆಗೆ ಸಾಸೇಜ್ ಇಟ್ಟು, ಗುಂಡಿ ತಿರುಗಿಸಿ, "ಸ್ವಲ್ಪ ನೋಡ್ಕೋ, ಪಾತ್ರೆ ತೊಳ್ಕೊಂಡ್ ಬರ್ತೀನಿ" ಎಂದು ಕ್ಯಾಂಪಿನ ನಲ್ಲಿಯ ಕಡೆ ಹೋದಳು. ಗಾಡಿಯ ಹೊಗೆ ಅಲಾರಂ ಟೋಸ್ಟು ಮಾಡಿದರೂ ಕಿರುಚುತ್ತದೆಂದು ಬ್ಯಾಟರಿ ತೆಗೆದು ಡ್ರಾಯರಿನಲ್ಲಿ ಹಾಕಿದ್ದರು, ಗಾಡಿಯವರೆಲ್ಲ ಮಾಡುವಂತೆ. ಅವಳು ಅಲ್ಲಿ ಡೆರಿಕ್‌ನ ಹೆಂಡತಿಯ ಜೊತೆ ಮಾತಿಗೆ ನಿಂತದ್ದು ಎಷ್ಟು ಹೊತ್ತೋ. ಡೆರಿಕ್ ಕೂಗುತ್ತ ಓಡಿ ಬಂದ.

"ನಿಮ್ ಗಾಡಿ ಸೂರಿಂದ ಹೊಗೆ ಬರ್ತಿದೆ!"

ಆಡ್ರಿ ಪಾತ್ರೆ ಬಿಸಾಕಿ ಓಡಿದಳು. ಬಾಗಿಲು ತೆರೆಯುವ ಮೊದಲೇ ಸುಟ್ಟ ಕೊಬ್ಬಿನ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಗಾಳಿಗೆ ಕಾಗದ ಎದ್ದು ಕಾದ ಸುರುಳಿಗೆ ತಗುಲಿ ಹೊತ್ತಿಕೊಂಡಿತ್ತು. ಹೊಗೆಯೆಲ್ಲ ಸೂರಿನ ಕಿಂಡಿಯಿಂದ ಮೇಲಕ್ಕೆ ಹೋಗುತ್ತಿತ್ತು. ನೆವಿಲ್ ಡ್ರೈವರ್ ಸೀಟಿನಲ್ಲಿ, ಮಿಷನ್ನಿಗೆ ಬೆನ್ನು ಹಾಕಿ, ಮುಂದಿನ ಗಾಜಿನಿಂದ ಸಮುದ್ರ ನೋಡುತ್ತ ಕೂತಿದ್ದ.

ಅವಳು ಪ್ಲಗ್ ಕಿತ್ತು, ಮಿಷನ್ನನ್ನು ಟವೆಲಿನಲ್ಲಿ ಎತ್ತಿ ಹುಲ್ಲಿನ ಮೇಲೆ ಇಟ್ಟಳು. ಆಗ ಅವನು ತಿರುಗಿದ.

"ಏನಾಯ್ತು?"

ಏನಾಯ್ತು ಎಂದು ಕೇಳಿದವನು ನೆವಿಲ್! ಬೀದಿಯ ಆ ತುದಿಯಲ್ಲಿ ಇನ್ನೊಬ್ಬರ ಬಾಣಲೆ ಸೀದರೆ ಈ ತುದಿಯಲ್ಲಿ ಕೂತು ಹೇಳುತ್ತಿದ್ದವನು.

ಡೆರಿಕ್ ಹೋದ ಮೇಲೆ ಅವಳು ಬಾಗಿಲು ಹಾಕಿದಳು. "ನಿಂಗೆ ವಾಸನೆ ಬರ್ಲಿಲ್ವಾ?"

"ಗಾಳಿ ಆ ಕಡೆ ಇತ್ತಲ್ಲ."

ಅವಳು ವಿನೆಗರ್ ಬಾಟಲಿಯ ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. ಅವನು ಬಾಟಲಿಯನ್ನು ನೋಡಿ, "ವಿನೆಗರ್" ಎಂದ.

"ಲೇಬಲ್ ಓದ್ಬೇಡ. ಕಣ್ಣು ಮುಚ್ಚು."

ಅವನು ಕಣ್ಣು ಮುಚ್ಚಲಿಲ್ಲ. ಬಾಟಲಿಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು ಮುಚ್ಚಳ ಹಾಕಿದ.

"ಯಾವಾಗ್ನಿಂದ?"

"ಆಸ್ಪತ್ರೇಲಿ ಜ್ವರ ಬಂತಲ್ಲ, ಆವಾಗ್ನಿಂದ. ವಾಸನೇನೂ ಇಲ್ಲ, ರುಚೀನೂ ಇಲ್ಲ. ಬಾಯಲ್ಲಿ ಒದ್ದೆ ರಟ್ಟು ಇಟ್ಕೊಂಡಂಗೆ. ಡಾಕ್ಟರಿಗೆ ಹೇಳ್ದೆ. ಬರೋದಿದ್ರೆ ಇಷ್ಟೊತ್ತಿಗೆ ಬರ್ಬೇಕಿತ್ತು ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ ಮಾರಾಯ? ಹುಚ್ಚಿ ಥರ ದಾರ ಹಿಡ್ಕೊಂಡು ಊರೆಲ್ಲಾ ಅಲೆದ್ನಲ್ಲೋ!"

"ಮಿಷನ್ ಸರಿಯಿಲ್ಲ ಅಂದ್ರೆ ನೀನು ಇನ್ನೊಂದು ಮಿಷನ್ ಹುಡುಕ್ತಿದ್ದೆ. ಖುಷಿಯಾಗೇ ಹುಡುಕ್ತಿದ್ದೆ." ನೆವಿಲ್ ತನ್ನ ಮೂಗನ್ನು ಎರಡು ಬೆರಳಲ್ಲಿ ಹಿಡಿದ. "ಇದಕ್ಕೆ ಇನ್ನೊಂದು ಎಲ್ಲಿಂದ ತರ್ತೀಯ?"

ಆಡ್ರಿ ಅತ್ತಳು. ಅವನ ಮುಂದೆಯೇ, ಮುಖ ಮುಚ್ಚಿಕೊಳ್ಳದೆ, ಗಟ್ಟಿಯಾಗಿ ಅತ್ತಳು. ಆ ಪುಟ್ಟ ಗಾಡಿಯಲ್ಲಿ ಎದ್ದು ಹೋಗಿ ಅಳಲು ಜಾಗವಾದರೂ ಎಲ್ಲಿತ್ತು?

ಮಾರನೆಯ ದಿನ ಆಡ್ರಿ, ಮನೆಗೆ ಹೊರಡೋಣ ಎಂದಳು. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ. ನೆವಿಲ್ ಎದ್ದು ಬೀರುವಿನ ಬಾಗಿಲು ತೆರೆದ. "ಆಲೂಗಡ್ಡೆ ಇದ್ಯಾ?" ಎಂದ.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಚಾಕು ಹಿಡಿದದ್ದು ಅದೇ ಮೊದಲು. ಹೆಬ್ಬೆರಳಿನಷ್ಟು ದಪ್ಪಕ್ಕೆ ಹೆಚ್ಚಿ, ತಣ್ಣೀರಿನಲ್ಲಿ ತೊಳೆದು, ಅರೆಬೇಯಿಸಿ, ಟವೆಲಿನ ಮೇಲೆ ಹರಡಿ, ಒಂದೊಂದನ್ನೂ ಮಗುವಿನ ಮೈ ಒರೆಸುವ ಹಾಗೆ ಒರೆಸಿದ. ಮಿಷನ್ನಿನ ಮಸಿಯನ್ನು ತಾನೇ ತಿಕ್ಕಿ ತೆಗೆದ. ಒಂದು ಚಮಚ ಎಣ್ಣೆ ಹಾಕುವಾಗ ಮುಖ ಸಿಂಡರಿಸಿದ. ಗುಂಡಿ ತಿರುಗಿಸಿದ ಮೇಲೆ ಕಿವಿ ಹತ್ತಿರ ತಂದು, "ಈ ಹಾಳು ಫ್ಯಾನು ಬಾಯಿ ಮುಚ್ಚಿದ್ರೆ ಆಲೂಗಡ್ಡೆ ಏನು ಹೇಳುತ್ತೆ ಕೇಳ್ಬೋದಿತ್ತು" ಎಂದು ಬೈದ. ನಡುನಡುವೆ ಬುಟ್ಟಿ ಎಳೆದು ಕುಲುಕುತ್ತಿದ್ದ. ಮೊದಲು ದಪದಪ ಎನ್ನುತ್ತಿದ್ದದ್ದು ಆಮೇಲೆ ಗಲಗಲ ಎನ್ನತೊಡಗಿತು. ಆಗ ಆಫ್ ಮಾಡಿದ. ಉಪ್ಪು ಚಿಮುಕಿಸಿದ, ವಿನೆಗರ್ ಚಿಮುಕಿಸಿದ, ತಟ್ಟೆಯನ್ನು ಅವಳ ಮುಂದಿಟ್ಟು ಎದುರಿಗೆ ಕೂತ.

"ನಿಂಗೆ?" ಎಂದಳು ಆಡ್ರಿ.

"ನಂಗ್ಯಾಕೆ? ನೀನು ತಿನ್ನು."

ಅವಳು ಒಂದನ್ನು ಕಚ್ಚಿದಳು. ಹೊರಗೆ ಗರಿಗರಿ, ಒಳಗೆ ಬಿಸಿ ಬಿಸಿ ಬೆಣ್ಣೆಯಂಥ ಮೆದು. ಅಂಗಡಿ ಕೈಬಿಟ್ಟ ಮೇಲೆ ಇಂಥ ಚಿಪ್ಸ್ ಅವಳು ತಿಂದಿರಲಿಲ್ಲ. ಅವಳು ಆರಿಸಿದ ಮಿಷನ್ ಸರಿಯಾಗಿಯೇ ಇತ್ತು. ಮೊದಲಿನಿಂದಲೂ ಸರಿಯಾಗಿಯೇ ಇತ್ತು.

"ಹೆಂಗಿದೆ?" ಎಂದ ನೆವಿಲ್. ಇಷ್ಟು ವರ್ಷ ಚಿಪ್ಸ್ ಕರಿದರೂ ಅವನು ಯಾರನ್ನೂ ಆ ಪ್ರಶ್ನೆ ಕೇಳಿದವನಲ್ಲ.

ಆಡ್ರಿ ಇನ್ನೊಂದನ್ನು ಕಚ್ಚಿ ಹೇಳಿದಳು: "ಏನೂ ಚೆನ್ನಾಗಿಲ್ಲ. ಸಪ್ಪೆ. ಮೆತ್ತಗಿದೆ. ನೀನೇನೂ ಕಳ್ಕೊಂಡಿಲ್ಲ ಬಿಡು."

ಅವನು ಅವಳ ಮುಖವನ್ನೇ ನೋಡಿದ.

"ಕಚ್ಚಿದ ಸದ್ದು ಕೇಳಿಸ್ತು ಕಣೇ," ಎಂದ. "ನಂದು ಹೋಗಿರೋದು ಮೂಗು. ಕಿವಿ ಅಲ್ಲ."

ಆಡ್ರಿಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು.

"ತಿನ್ನು," ಎಂದ ನೆವಿಲ್. "ಆರಿಹೋದ್ರೆ ಸದ್ದೂ ಹೋಗುತ್ತೆ."

ಅವನು ಕಣ್ಣು ಮುಚ್ಚಿ ಸೀಟಿಗೆ ಒರಗಿದ. ಅವಳು ಒಂದೊಂದಾಗಿ ಕಚ್ಚಿ ಕಚ್ಚಿ, ಅವನಿಗೆ ಕೇಳಿಸುವ ಹಾಗೆ, ತಟ್ಟೆ ಖಾಲಿಯಾಗುವವರೆಗೂ ತಿಂದಳು.